ತೋಟ ನೋಡಲು ಬಂದವರ ಬೇರೆ ಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಯಾರದಾದರೂ ತೋಟ ನೋಡಲು ಹೋದರೆ ಗಿಡದ ಮಾತು ಬೇಗ ಮುಗಿಯುತ್ತದೆ. ಎಷ್ಟು ವರ್ಷದ ಸಸಿ, ಎಲ್ಲಿಂದ ತಂದದ್ದು, ಕಾಯಿ ಹೇಗೆ ಹಿಡಿದಿದೆ ಎಂದು ನಾಲ್ಕು ಪ್ರಶ್ನೆ ಕೇಳಿ, ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮೋಟರು ಮನೆ ಮುಂದೆ ಚಾಪೆ ಬಿದ್ದಿರುತ್ತದೆ. ಎಳನೀರು ಇಳಿಯುತ್ತದೆ, ಮಾತು ತೋಟದ ಬೇಲಿ ದಾಟುತ್ತದೆ. ತುಂಗಭದ್ರೆಯ ಗೇಟು, ಮಗನ ನೌಕರಿ, ಜಿಲ್ಲೆ ಬದಲಾದ ಕಥೆ, ಗುಡೇಕೋಟೆಯ ಕರಡಿ, ಮೈಲಾರದ ಕಾರಣಿಕ, ಪಕ್ಕದ ಹೊಲದವನ ತಿಪ್ಪೆ. ಹೊತ್ತು ಇಳಿಯುವವರೆಗೂ ಮತ್ತೆ ಮರದ ಸುದ್ದಿ ಬರುವುದಿಲ್ಲ. ಸಮಯ ನೋಡಿಕೊಂಡು ಬಂದ ಅಧಿಕಾರಿಗೆ ಇದೆಲ್ಲ ವಿಷಯಾಂತರ ಅನ್ನಿಸಬಹುದು. ಆದರೆ ಈ ಭಾಗದ ತೆಂಗು, ಅಡಿಕೆ, ಈಚಲುಗಳ ಬಗ್ಗೆ ತಿಳಿಯಬೇಕಾದದ್ದೆಲ್ಲ ಬೇಲಿ ದಾಟಿದ ಆ ಮಾತಿನಲ್ಲೇ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ.

ತಿಪ್ಪೆಯ ಮಾತನ್ನೇ ಮೊದಲು ನೋಡೋಣ. ಮಾವು, ಹುಣಸೆ, ಬೇವಿನಂಥ ಮರಕ್ಕೆ ಒಂದು ಕೊಂಬೆ ಒಣಗಿದರೆ ಇನ್ನೊಂದು ಚಿಗುರುತ್ತದೆ. ತೆಂಗಿಗೆ, ಅಡಿಕೆಗೆ ಆ ಭಾಗ್ಯವಿಲ್ಲ. ಇರುವುದು ಒಂದೇ ಸುಳಿ. ಅದು ಕೆಟ್ಟರೆ ಮೂವತ್ತು ವರ್ಷದ ಮರವೂ ಮುಗಿದಂತೆ. ಈ ಸುಳಿಯನ್ನು ಕೊರೆದು ತಿನ್ನುವ ಕೊಂಬಿನ ದುಂಬಿ ಹುಟ್ಟುವುದು ತೋಟದಲ್ಲಲ್ಲ; ಕೊಳೆತ ಗೊಬ್ಬರದಲ್ಲಿ, ತಿಪ್ಪೆಯಲ್ಲಿ, ಬಿದ್ದು ಲಡ್ಡಾದ ದಿಮ್ಮಿಯಲ್ಲಿ. ಅದರ ಬಿಳಿ ಹುಳು ಅಲ್ಲೇ ತಿಂಗಳುಗಟ್ಟಲೆ ತಿಂದು ಬೆಳೆದು, ದುಂಬಿಯಾಗಿ ರಾತ್ರಿ ಹಾರಿ ಬರುತ್ತದೆ. ಅದು ಮಾಡಿದ ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬರುತ್ತದೆ. ಎರಡನೆಯದು ಬಂದಮೇಲೆ ಮರ ಉಳಿಸುವುದು ಕಷ್ಟ. ಹಾಗಾಗಿ ಚಾಪೆಯ ಮೇಲೆ ಕೂತವರು “ಅವರ ತಿಪ್ಪಿ ಎತ್ತಿಸ್ಯಾರೇನು?” ಎಂದು ಕೇಳಿದರೆ ಅದು ನೆರೆಯವರ ಮೇಲಿನ ಚಾಡಿ ಎಂದು ತಿಳಿಯಬಾರದು. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ತಿಪ್ಪೆ ಎತ್ತಿ ಹೊಲಕ್ಕೆ ಹರಡುವ ಹಳೆಯ ರೂಢಿಯೇ ದುಂಬಿಗೆ ದೊಡ್ಡ ಮದ್ದಾಗಿತ್ತು. ದನ ಕಡಿಮೆಯಾಗಿ, ಆಳು ಸಿಗದೆ, ತಿಪ್ಪೆ ಎರಡು ಮೂರು ವರ್ಷ ಕೂತಲ್ಲೇ ಕೂರತೊಡಗಿದಾಗ ಸುಳಿಗೆ ಕುತ್ತು ಬಂತು. ದನ ಮಾರಿದ ಸುದ್ದಿ, ಆಳಿನ ಸುದ್ದಿ, ಮಗ ಊರು ಬಿಟ್ಟ ಸುದ್ದಿ, ಎಲ್ಲವೂ ಹೀಗೆ ತೆಂಗಿನ ಸುಳಿಯವರೆಗೆ ಬಂದು ಮುಟ್ಟುತ್ತವೆ.

ನೀರಿನ ಮಾತು ಇನ್ನೂ ಉದ್ದ. ಇದು ಸಹ್ಯಾದ್ರಿಯ ಮಳೆನೆರಳಿನ ನೆಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ನಂಬುವಂತಿಲ್ಲ. 1876ರಿಂದ 78ರವರೆಗಿನ ಧಾತು ಬರದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಇಂಥ ಕಡೆ ಜೋಳ, ನವಣೆ, ಶೇಂಗಾ, ಹುಣಸೆ ಸಹಜವಾಗಿ ಬಂದವು. ತೆಂಗು ಕೆರೆಯ ಹಿಂದೆ, ಬಾವಿಯ ಪಕ್ಕ ಮಾತ್ರ ಇತ್ತು. ಹೊಸಪೇಟೆ, ಕಮಲಾಪುರದ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇವತ್ತಿಗೂ ಬಾಳೆ, ತೆಂಗಿನ ತೋಟಗಳಿಗೆ ನೀರುಣಿಸುತ್ತಿವೆ. ಮೇಲಿನ ಈ ತಾಲ್ಲೂಕುಗಳಿಗೆ ಆ ಭಾಗ್ಯ ಇರಲಿಲ್ಲ. ಬೋರ್‌ವೆಲ್ ಬಂದ ಮೇಲೆ ತೆಂಗು ಬಯಲಿಗೆ ಇಳಿಯಿತು, ಅದರ ಹಿಂದೆಯೇ ಅಡಿಕೆ ಬಂತು.

“ಬೋರು ಎಷ್ಟಡಿ ಹಾಕ್ಸಿದ್ಯಪ್ಪಾ?”

“ಮೊದ್ಲಿಂದು ಬತ್ತಿತು ಮಾವ. ಇದು ಮೂರನೇದು. ಅಡಿ ಲೆಕ್ಕ ಕೇಳಬ್ಯಾಡ, ಎದಿ ಝಲ್ ಅಂತತಿ.”

ಇಂಥ ಸಂಭಾಷಣೆ ಕೇಳದ ತೋಟ ಈ ಭಾಗದಲ್ಲಿ ಕಡಿಮೆ. ಇದರ ಹಿಂದಿನ ಲೆಕ್ಕ ಸರಳವಾದದ್ದು. ಇಪ್ಪತ್ತೇಳು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 60 ತೆಂಗು. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಮರಕ್ಕೆ ದಿನಕ್ಕೆ 40 ಲೀಟರ್ ಎಂದರೂ 2,400 ಲೀಟರ್ ಸಾಕು. ಅಡಿಕೆಯನ್ನು ಒಂಬತ್ತು ಅಡಿಗೊಂದರಂತೆ ಕೂರಿಸುತ್ತಾರೆ, ಎಕರೆಗೆ ಸುಮಾರು 540 ಗಿಡ. ಗಿಡಕ್ಕೆ 15ರಿಂದ 20 ಲೀಟರ್ ಹಿಡಿದರೆ ದಿನಕ್ಕೆ 8,100ರಿಂದ 10,800 ಲೀಟರ್ ಬೇಕು. ಅಂದರೆ ಒಂದು ಎಕರೆ ಅಡಿಕೆ ಕುಡಿಯುವ ನೀರಿನಲ್ಲಿ ಮೂರು ನಾಲ್ಕು ಎಕರೆ ತೆಂಗು ಬದುಕುತ್ತದೆ. ಅಡಿಕೆಗೆ ಬಿಸಿಗಾಳಿಯೂ ಆಗದು, ಪಡುವಣ ಬಿಸಿಲು ಕಾಂಡಕ್ಕೆ ನೇರ ಬಿದ್ದರೆ ತೊಗಟೆ ಸೀಳುತ್ತದೆ. ಮಲೆನಾಡಿನ ತಂಪಿನಲ್ಲಿ, ಕಣಿವೆಯ ತೇವದಲ್ಲಿ ಬೆಳೆದು ಬಂದ ಮರವನ್ನು ಬಯಲುಸೀಮೆಯ ಏಪ್ರಿಲ್‌ಗೆ ಒಡ್ಡುವಾಗ ಈ ಲೆಕ್ಕವನ್ನು ರೈತ ಮನಸ್ಸಿನಲ್ಲಿ ನೂರು ಸಲ ಹಾಕಿರುತ್ತಾನೆ. ಬಾಯಿಬಿಟ್ಟು ಹೇಳುವುದು ಮಾತ್ರ ಕೆರೆ ತುಂಬಿಸುವ ಯೋಜನೆ ಎಲ್ಲಿಗೆ ಬಂತು ಎಂಬ ಸುದ್ದಿ.

ಆ ಸುದ್ದಿಗಳಿಗೆ ಇಲ್ಲಿ ಬರವಿಲ್ಲ. ಹಡಗಲಿ ಕಡೆಯವರು ಸಿಂಗಟಾಲೂರು ಏತ ನೀರಾವರಿಯ ಬಗ್ಗೆ, ಹರಪನಹಳ್ಳಿಯವರು ಗರ್ಭಗುಡಿ ಬ್ಯಾರೇಜಿನ ಬಗ್ಗೆ, ಕೂಡ್ಲಿಗಿಯವರು 74 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆಯ ಬಗ್ಗೆ ಮಾತಾಡುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ತೋಟದವರ ಬಾಯಲ್ಲಿ ವಾರಗಟ್ಟಲೆ ಬೇರೆ ಮಾತಿರಲಿಲ್ಲ. ಹರಿಯುವ ನೀರಿಗೇ ಅಡ್ಡವಾಗಿ ತಾತ್ಕಾಲಿಕ ಗೇಟು ಇಳಿಸಿದ ಕನ್ನಯ್ಯ ನಾಯ್ಡು ಅವರ ಹೆಸರು ಹಳ್ಳಿಯ ಮಕ್ಕಳಿಗೂ ಗೊತ್ತಾಯಿತು. ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರುಗಳನ್ನು ನುಂಗಿ, ಜನ ಎತ್ತರದ ನೆಲಕ್ಕೆ ಬಂದ ನೆನಪು ಅಲ್ಲಿಯ ಹಿರಿಯರಲ್ಲಿದೆ. ಮುಳುಗಿದ ಊರಿನ ಮನೆಯ ಮುಂದೆ ಇದ್ದ ತೆಂಗಿನ ಬಗ್ಗೆ ಅವರು ಹೇಳುವಾಗ ಆ ಮರದ ಕಾಯಿಯ ಸಿಹಿ ಇವತ್ತಿಗೂ ನಾಲಗೆಯಲ್ಲಿದೆಯೇನೋ ಅನ್ನಿಸುತ್ತದೆ.

ಹರಪನಹಳ್ಳಿಯಲ್ಲಿ ಮಾತು ಬಲು ಬೇಗ ಜಿಲ್ಲೆಗೆ ತಿರುಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಿದರು. ಆಮೇಲೆ ಬಳ್ಳಾರಿಯೂ ಸೇರಿದ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ಕಲಮಿನ ವಿಶೇಷ ಸ್ಥಾನ ಬಂತು. ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ಬಳ್ಳಾರಿಗೆ ಸಿಕ್ಕದ್ದು ಹರಪನಹಳ್ಳಿಗೆ ಸಿಗಲಿಲ್ಲ. ವರ್ಷಗಟ್ಟಲೆ ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಈ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆ ಅದರೊಳಗೆ ಬಂದವು.

ತೋಟದಲ್ಲಿ ಕೂತು ಇದನ್ನೇಕೆ ಮಾತಾಡಬೇಕು? ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮಗ ಐದನೇ ಕ್ಲಾಸಿನಲ್ಲಿದ್ದಾಗ ನೆಟ್ಟದ್ದು ಅವನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಹೊಂಬಾಳೆ ಒಡೆಯುತ್ತದೆ. ಮುಂದೆ ಪಿಯುಸಿ, ಡಿಗ್ರಿ, ಹಾಸ್ಟೆಲ್ಲು, ಕೋಚಿಂಗ್. ನೌಕರಿ ಸಿಕ್ಕರೆ ತೋಟ ಯಾರು ನೋಡಬೇಕು, ಸಿಗದಿದ್ದರೆ ತೋಟವಾದರೂ ಇರಬೇಕಲ್ಲ ಎಂಬ ಎರಡು ಚಿಂತೆಗಳ ನಡುವೆ ಗುಂಡಿ ತೋಡುತ್ತಾರೆ. ಒಂದು ಕಲಮಿನ ಒಳಗಿದ್ದೇವೋ ಹೊರಗಿದ್ದೇವೋ ಎಂಬುದರ ಮೇಲೆ ಎಷ್ಟು ಎಕರೆ ನೆಡಬೇಕು ಎಂಬುದೂ ನಿಂತಿರುತ್ತದೆ. ಇದನ್ನು ಯಾವ ಬೆಳೆ ಕೈಪಿಡಿಯಲ್ಲೂ ನಾನು ಓದಿಲ್ಲ. ಮೋಟರು ಮನೆ ಮುಂದೆ ಮಾತ್ರ ಕೇಳಿದ್ದೇನೆ.

ಇದೇ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಎಸ್. ನಿಜಲಿಂಗಪ್ಪನವರ ಹುಟ್ಟೂರು. 1902ರ ಡಿಸೆಂಬರ್ 10ರಂದು ಹುಟ್ಟಿದವರು, ಮುಂದೆ ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಎರಡು ಸಲ ಮುಖ್ಯಮಂತ್ರಿ ಆದವರು. ಅವರ ಹೆಸರು ಬಂದರೆ ಮಾತು ನೇರ ಈಚಲ ಮರಕ್ಕೆ ಹೋಗುತ್ತದೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಈಚಲಿನಿಂದ ಇಳಿಸುವ ಸೇಂದಿಯ ಗುತ್ತಿಗೆಯಿಂದ ಮೈಸೂರು ಸರ್ಕಾರದ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಮರ ಕಡಿದರೆ ಕುಡಿತಕ್ಕೂ ಪೆಟ್ಟು, ಬೊಕ್ಕಸಕ್ಕೂ ಪೆಟ್ಟು. ನಿಜಲಿಂಗಪ್ಪ ಮುಂದಾಳಾಗಿ ಜೈಲು ಸೇರಿದರು. ಹಳ್ಳಿಯ ಸಾಮಾನ್ಯ ಜನ ಕೊಡಲಿ ಹಿಡಿದು ಬಂದದ್ದು ಆ ಸತ್ಯಾಗ್ರಹದ ಶಕ್ತಿ. ತುರುವನೂರು ಆಗ ಮೈಸೂರು ಸಂಸ್ಥಾನ. ಕೂಡ್ಲಿಗಿ, ಹರಪನಹಳ್ಳಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಗಡಿಯ ಆಚೆ ಈಚೆ ಒಂದೇ ಜನ, ಒಂದೇ ಮರ, ಬೇರೆ ಬೇರೆ ಕಾನೂನು. ಮದ್ರಾಸ್ ಪ್ರಾಂತ್ಯದಲ್ಲಿ 1948ರ ಹೊತ್ತಿಗೆ ಪೂರ್ತಿ ಪಾನನಿಷೇಧವಾಯಿತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವ ಕೂಡ್ಲಿಗಿಯಲ್ಲಿ ಇಂದಿಗೂ ಹಿರಿಯರು ಆ ಕಾಲದ ಮಾತು ಎತ್ತಿದರೆ ಸೇಂದಿ ಅಂಗಡಿಯ ಮಾತು ಹಿಂದೆಯೇ ಬರುತ್ತದೆ.

ಈಚಲು ಇಲ್ಲಿ ಯಾರೂ ನೆಡದ ಮರ. ಹಳ್ಳದ ದಂಡೆ, ಕೆರೆಯ ಹಿಂಭಾಗ, ಕಲ್ಲು ಬದು, ಎಲ್ಲಿ ಸ್ವಲ್ಪ ತೇವ ಆಳದಲ್ಲಿದೆಯೋ ಅಲ್ಲಿ ತಾನೇ ಬರುತ್ತದೆ. ಅದರ ಕಾಂಡ ನೋಡಲು ಬಲ್ಲವರಿಗೆ ಅದು ಬರೆದಿಟ್ಟ ದಾಖಲೆ. ಸೇಂದಿ ಇಳಿಸುವವರು ತಲೆಯ ಬುಡದಲ್ಲಿ ಒಂದು ಪಕ್ಕದ ಗರಿ ಸವರಿ, ಮೆದು ಭಾಗ ಕೆತ್ತಿ, ಮಡಕೆ ಕಟ್ಟುತ್ತಿದ್ದರು. ಮುಂದಿನ ವರ್ಷ ಎದುರು ಪಕ್ಕ. ಮರ ಬೆಳೆಯುತ್ತ ಹೋದಂತೆ ಕೆತ್ತಿದ ಗಾಯಗಳು ಕೆಳಗುಳಿದು ಕಾಂಡ ಅಂಕುಡೊಂಕಾಗುತ್ತದೆ. ಎಡ ಬಲ ಗಾಯ ಎಣಿಸಿದರೆ ಎಷ್ಟು ವರ್ಷ ಇಳಿಸಿದರು, ಎಲ್ಲಿಗೆ ನಿಲ್ಲಿಸಿದರು ಎಂಬುದು ತಿಳಿಯುತ್ತದೆ. ಹಳೆಯ ಮರವೊಂದರ ಕೆಳ ಅರ್ಧ ಹೀಗೆ ಗಾಯಗಟ್ಟಿ, ಮೇಲರ್ಧ ನುಣ್ಣಗೆ ನೆಟ್ಟಗೆ ಹೋಗಿದ್ದರೆ, ಎರಡರ ನಡುವಿನ ಗೆರೆಯೇ ಸೇಂದಿ ನಿಂತ ಕಾಲ. ಸಾರಾಯಿ ಕೂಡ 2007ರ ಜುಲೈಯಿಂದ ರಾಜ್ಯದಲ್ಲಿ ನಿಂತಿತು. ಕುಡಿತ ನಿಂತಿತೇ ಎಂಬ ವಾದ ಮರದ ಬುಡದಲ್ಲಿ ಇನ್ನೂ ನಡೆಯುತ್ತದೆ, ಹೆಂಗಸರು ಆ ವಾದಕ್ಕೆ ಕೊಡುವ ಉತ್ತರ ಗಂಡಸರ ಉತ್ತರಕ್ಕಿಂತ ಖಡಕ್ಕಾಗಿರುತ್ತದೆ. ಮರ ಹತ್ತಿ ಬದುಕಿದ ಈಡಿಗರ ಮನೆಗಳಲ್ಲಿ ಮೊಮ್ಮಕ್ಕಳಿಗೆ ಕತ್ತಿ ಹಿಡಿಯುವ ಬಗೆ ಗೊತ್ತಿಲ್ಲ. ತಾತನ ಎದೆಯ ಮೇಲಿನ ಗೀರುಗಳ ಕಥೆ ಮಾತ್ರ ಗೊತ್ತು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಸೇಂದಿ ಅನ್ನುತ್ತಾರೆ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಇದೆ. ಕೂಡ್ಲಿಗಿ ಸೀಮೆಯಲ್ಲಿ ಆ ಗಾದೆಗೆ ಇನ್ನೊಂದು ಆಳವಿದೆ. ಇಲ್ಲಿಯ ಮ್ಯಾಸಬೇಡರ ಹಟ್ಟಿಗಳಲ್ಲಿ ಸೇಂದಿ ಪರಂಪರೆಯಿಂದಲೇ ವರ್ಜ್ಯ. ಕೋಳಿಯನ್ನೂ ಮುಟ್ಟದ, ದೇವರ ಎತ್ತುಗಳನ್ನು ಸಾಕಿ ಪೂಜಿಸುವ ಜನ ಅವರು. ಕಟ್ಟುಪಾಡು ಬಿಡದ ಮನೆಗಳಲ್ಲಿ ಈಚಲ ಚಾಪೆಯೂ ಹೊಸ್ತಿಲು ದಾಟುವುದಿಲ್ಲ. ಅದೇ ಊರಿನ ಇನ್ನೊಂದು ಕೇರಿಯಲ್ಲಿ ಕೊರಮ, ಕೊರಚ ಮನೆತನದವರು ಅದೇ ಗರಿಯಿಂದ ಬುಟ್ಟಿ, ಕಸಬರಿಗೆ ಮಾಡಿ ಸಂತೆಗೆ ಒಯ್ಯುತ್ತಾರೆ. ಒಂದೇ ಹಳ್ಳದ ದಂಡೆಯ ಒಂದೇ ಮರ ಒಬ್ಬರಿಗೆ ಮೈಲಿಗೆ, ಒಬ್ಬರಿಗೆ ಅನ್ನ, ಒಬ್ಬರಿಗೆ ಹೋದ ಕಸುಬಿನ ನೆನಪು. ಹೀಗಿರುವಾಗ ಆ ಮರದ ಬಗ್ಗೆ ಮಾತಾಡುವುದೆಂದರೆ ಊರಿನ ಬಗ್ಗೆಯೇ ಮಾತಾಡುವುದು. ಜನ ಅದನ್ನು ಜಾಗರೂಕತೆಯಿಂದ, ಸುತ್ತಿ ಬಳಸಿ ಮಾತಾಡುತ್ತಾರೆ. ಆ ಸುತ್ತುಬಳಸಿನಲ್ಲಿ ಒಂದು ಮರ್ಯಾದೆ ಇದೆ.

ಕಸಬರಿಗೆ ಕಟ್ಟುವ ಹೆಂಗಸರ ನಡುವೆ ಕೂತರೆ ಇನ್ನೊಂದು ಲೋಕ ತೆರೆಯುತ್ತದೆ. ಕೈ ಗರಿ ಸೀಳುತ್ತಿರುತ್ತದೆ, ಬಾಯಿ ಹೆರಿಗೆ, ಸಂಘದ ಸಾಲ, ಕೊಟ್ಟೂರ ತೇರು, ಗಂಗಾವತಿ ಕಡೆ ನಾಟಿಗೆ ಹೋದವರ ಕೂಲಿ ಎಂದು ಸುತ್ತುತ್ತಿರುತ್ತದೆ. ಗರಿಯ ಮಾತು ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ: ಮರಿ ಈಚಲದ ಎಳೆ ಗರಿಯೇ ಒಳ್ಳೆಯದು, ನಡುವಿನ ಸುಳಿ ಮಾತ್ರ ಮುಟ್ಟಬಾರದು. ಸಸ್ಯಶಾಸ್ತ್ರದ ಪಾಠದಲ್ಲಿ ಪುಟಗಟ್ಟಲೆ ಬರುವುದನ್ನು ಅವರು ಕತ್ತಿಯ ತುದಿಯಲ್ಲಿ ಇಟ್ಟುಕೊಂಡಿದ್ದಾರೆ. ಹಳ್ಳದ ದಂಡೆಗಳು ಒತ್ತುವರಿಯಾಗಿ, ಜೆಸಿಬಿ ಬಂದು ಬದು ಸವರಿದ ಮೇಲೆ ಗರಿಗಾಗಿ ನಡೆಯುವ ದಾರಿ ದೂರವಾಗಿದೆ ಎಂಬುದನ್ನು ಅವರು ದೂರು ಎಂದು ಹೇಳುವುದಿಲ್ಲ, ಕಾಲು ನೋವಿನ ಮಾತಾಗಿ ಹೇಳುತ್ತಾರೆ. ಈ ತಾಲ್ಲೂಕುಗಳ ಈಚಲು ಎಷ್ಟು ಕಡಿಮೆಯಾಗಿದೆ ಎಂದು ಅಳೆಯಬಯಸುವವರು ಮೊದಲು ಈ ಕಾಲುನೋವನ್ನು ಕೇಳಬೇಕು.

ಕರಡಿಯ ಮಾತಿಗೆ ಬರೋಣ. ಬಳ್ಳಾರಿ ಸೀಮೆಯ ಬಂಡೆಗುಡ್ಡಗಳು ಕರಡಿಯ ನೆಲೆ. ದರೋಜಿಯಲ್ಲಿ 1994ರಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮಗಳಾದವು. ಕರಡಿ ಗೆದ್ದಲು, ಜೇನು ತಿನ್ನುತ್ತದೆ, ಹಣ್ಣಿನ ಕಾಲದಲ್ಲಿ ಕವಳೆ, ಬಾರೆ, ಈಚಲು ಮುಕ್ಕುತ್ತದೆ. ಈಚಲ ಹಣ್ಣಿನಲ್ಲಿ ತಿರುಳು ತೆಳ್ಳಗೆ, ಬೀಜ ದಪ್ಪ. ಅದನ್ನು ಅಗಿಯದೆ ನುಂಗುವ ಕರಡಿ ಬಹು ದೂರ ನಡೆದು ಹಿಕ್ಕೆ ಹಾಕುತ್ತದೆ, ಮಳೆ ಬಿದ್ದರೆ ಅಲ್ಲಿ ಸಸಿ ಏಳುತ್ತದೆ. ಯಾರೂ ನೆಡದ ಮರ ಎಂದೆನಲ್ಲ, ನೆಟ್ಟವರಲ್ಲಿ ಕರಡಿಯೂ ಒಂದು. ನರಿ, ಹಕ್ಕಿಗಳದ್ದೂ ಪಾಲಿದೆ. ಈಚಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಎಲ್ಲ ಕಡಿದು ನಾಲ್ಕೇ ಮರ ಉಳಿಸಿದ ಹಳ್ಳದಲ್ಲಿ ಆ ನಾಲ್ಕೂ ಗಂಡಾಗಿದ್ದರೆ ಹಣ್ಣಿಲ್ಲ. ಹಣ್ಣಿಲ್ಲದ ಗುಡ್ಡದ ಕರಡಿ ಶೇಂಗಾ ಹೊಲಕ್ಕೆ, ದಾಳಿಂಬೆ ತೋಟಕ್ಕೆ ಇಳಿಯುತ್ತದೆ. ಬೆಳಗಿನ ಜಾವ ಹೊಲಕ್ಕೆ ಹೋದವರಿಗೆ ಎದುರಾಗುತ್ತದೆ. ಮುಖ ಹರಿಸಿಕೊಂಡವರ ಸಂಕಟವನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ, ಅವರಿಗೆ ಕರಡಿಯ ಮೇಲೆ ಕರುಣೆ ತೋರಿ ಎಂದು ದೂರದಿಂದ ಹೇಳುವುದು ಸುಲಭ. ಆದರೆ ಹಳ್ಳದ ಈಚಲು ಉಳಿದರೆ ಹೊಲದವರಿಗೂ ಒಳ್ಳೆಯದು ಎಂಬುದನ್ನು ನಾನು ಬಲವಾಗಿ ಹೇಳುತ್ತೇನೆ. ಅರಣ್ಯ ಇಲಾಖೆಯ ಗಡಿಯೊಳಗಿನ ಮರವಷ್ಟೇ ಸಾಲದು, ಕಂದಾಯ ಭೂಮಿಯ ಹಳ್ಳ ಕೊಳ್ಳದ ಮರವೂ ಬೇಕು.

ಹಡಗಲಿಯಲ್ಲಿ ಮಲ್ಲಿಗೆಯದೇ ಮೇಲುಗೈ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನು ಮೊಗ್ಗು ಬಿರಿಯುವ ಮೊದಲೇ ಕೀಳಬೇಕು, ಹಾಗಾಗಿ ಅಲ್ಲಿಯ ಹರಟೆ ನಸುಕಿನಲ್ಲೇ ಶುರುವಾಗುತ್ತದೆ. ತೆಂಗು ಇಲ್ಲಿ ತೋಟದ ಅಂಚಿನ ಗೆಳೆಯ. ಆದರೆ ಭರತ ಹುಣ್ಣಿಮೆ ಬಂತೆಂದರೆ ಮಲ್ಲಿಗೆಯವರು, ತೆಂಗಿನವರು, ಜೋಳದವರು ಎಲ್ಲರ ಮಾತೂ ಮೈಲಾರದ ಜಾತ್ರೆಗೆ ಹೋಗುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಒಂದೇ ಸಾಲಿನ ಭವಿಷ್ಯವಾಣಿಯಾದ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿನ ಅರ್ಥ ಬಿಡಿಸುವ ಕೆಲಸ ಮುಂದಿನ ಹಲವು ತಿಂಗಳು ತೋಟ ತೋಟಗಳಲ್ಲಿ ನಡೆಯುತ್ತದೆ. ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಉಳಿಯುತ್ತೋ ಉರುಳುತ್ತೋ. ವಿದ್ಯಾವಂತರು ಇದನ್ನು ನಂಬಿಕೆಯ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ನಾನು ಕಂಡದ್ದು ಬೇರೆ. ಕಾರಣಿಕದ ನೆಪದಲ್ಲಿ ಹಿರಿಯರು ಹೋದ ವರ್ಷದ ರೋಹಿಣಿ, ಆರಿದ್ರೆ, ಹುಬ್ಬೆ, ಉತ್ತರೆ ಮಳೆಗಳನ್ನು ಒಂದೊಂದಾಗಿ ನೆನೆಯುತ್ತಾರೆ. ಯಾವ ಮಳೆಗೆ ಕೆರೆ ಕೋಡಿ ಬಿತ್ತು, ಯಾವ ವರ್ಷ ತೆಂಗಿನ ಹೀಚು ಉದುರಿತು, ಯಾವಾಗ ನುಸಿ ಬಂದು ಕಾಯಿ ಮುರುಟಿತು ಎಂದು. ಬರೆದಿಡದ ಮಳೆಪುಸ್ತಕವನ್ನು ವರ್ಷಕ್ಕೊಮ್ಮೆ ಕೂಡಿ ಓದುವ ರೀತಿ ಅದು. ಮೂವತ್ತು ಭರತ ಹುಣ್ಣಿಮೆ ಕಂಡವರ ಜೊತೆ ಹೀಗೆ ಕೂತ ಹುಡುಗನಿಗೆ ತನ್ನ ನೆಲದ ಮಳೆ ಎಂಥದ್ದು ಎಂಬ ಅಂದಾಜು ಬಂದಿರುತ್ತದೆ, ಅವನು ಒಂದೇ ಸಲಕ್ಕೆ ಐದೆಕರೆ ಅಡಿಕೆಗೆ ಕೈಹಾಕುವ ಮುನ್ನ ಯೋಚಿಸುತ್ತಾನೆ.

ಪೇಟೆಯ ಹೊಸ ಬಡಾವಣೆಗಳಲ್ಲೂ ಈಗ ತೆಂಗು, ಅಡಿಕೆ, ಈಚಲು ಸೇರಿದ ತಾಳೆಯ ಬಳಗ ಕಾಣುತ್ತದೆ. ಗೇಟಿನ ಎರಡು ಬದಿ ಕುಂಡದಲ್ಲಿ ಅರೆಕಾ ಪಾಮ್, ಕಾಲೇಜಿನ ಮುಂದೆ ಬಿಳಿ ಕಾಂಡದ ರಾಯಲ್ ಪಾಮ್. ಮೊದಲನೆಯದು ಮಡಗಾಸ್ಕರ್‌ನದು, ನಮ್ಮ ಅಡಿಕೆಗೆ ದೂರದ ನೆಂಟ ಮಾತ್ರ. ಎರಡನೆಯದು ಕ್ಯೂಬಾ ಕಡೆಯದು. ನೋಡಲು ಚೆಂದ, ನೆಡಲಿ. ಅವುಗಳ ಪಕ್ಕದಲ್ಲಿ ಕೂತು ಮಾತಾಡುವವರು ಮಾತ್ರ ಇನ್ನೂ ಹುಟ್ಟಬೇಕು.

ಚಾಪೆ ಮಡಚುವ ಹೊತ್ತಿಗೆ, ಎಲ್ಲರೂ ಎದ್ದು ಪಂಚೆ ಕೊಡವಿಕೊಂಡ ಮೇಲೆ, ಗಿಡದ ಮಾತು ಮತ್ತೆ ಬರುತ್ತದೆ. ಬಂದವನು ಬೀಜದ ಕಾಯಿ ಕೇಳುತ್ತಾನೆ. ಮನೆಯವನು ಅವನನ್ನು ತೋಟದ ಒಂದು ಮರದ ಬುಡಕ್ಕೆ ಕರೆದೊಯ್ಯುತ್ತಾನೆ. ಇಪ್ಪತ್ತೈದು ವರ್ಷ ದಾಟಿದ, ಗುಂಡನೆಯ ತಲೆಯ, ಗಿಡ್ಡ ಗಟ್ಟಿ ಗೊನೆದಂಟಿನ, ವರ್ಷ ಬಿಡದೆ ಕಾಯಿ ಹಿಡಿದ ಮರ. ತಿಪ್ಪೆಯ, ಬಾವಿಯ ಪಕ್ಕದ ಮರ ಬೇಡ ಎನ್ನುತ್ತಾನೆ. ಅಲ್ಲಿ ಗೊಬ್ಬರ, ನೀರು ಸಿಕ್ಕಿ ಫಲ ಬಂದಿರುತ್ತದೆ, ಮರದ ಗುಣ ತಿಳಿಯುವುದಿಲ್ಲ. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿಯನ್ನು ಹಗ್ಗ ಕಟ್ಟಿ ಇಳಿಸಬೇಕು, ನೆಲಕ್ಕೆ ಎಸೆಯಬಾರದು. ಅಲ್ಲಾಡಿಸಿದರೆ ನೀರು ಸದ್ದು ಮಾಡಬೇಕು. ಮರಳಿನಲ್ಲಿ ಕೂರಿಸಿದ್ದು ಬೇಗ ಮೊಳೆತರೆ ಇಟ್ಟುಕೊ, ಆರು ತಿಂಗಳಾದರೂ ಮೊಳೆಯದ್ದನ್ನು ಅಡುಗೆಮನೆಗೆ ಕೊಡು ಎನ್ನುತ್ತಾನೆ. ಬೈಕು ಚಾಲೂ ಆದ ಮೇಲೂ ಎರಡು ಮಾತು ಉಳಿದಿರುತ್ತವೆ. ಗುಂಡಿ ಮೂರಡಿ ತೋಡು, ಕೆರೆ ತುಂಬುವ ವರ್ಷ ನೋಡಿ ನೆಡು, ಬದುವಿನ ಈಚಲು ಕಡಿಯಬ್ಯಾಡ.